ಸಶಸ್ತ್ರ ಪಡೆಗಳ ನ್ಯಾಯಮಂಡಳಿ: ಆರೋಪ ಹೊತ್ತ ಹಿರಿಯ ಅಧಿಕಾರಿಗೆ ಎಷ್ಟು ಆಸರೆ?

ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ನಾವು ಕೊಡುವ ಅಂಕ ಐದಕ್ಕೆ ಮೂರೂವರೆ. ಕೋರ್ಟ್ ಮಾರ್ಷಲ್ (ಸೇನೆಯೊಳಗಿನ ನ್ಯಾಯಾಲಯ) ತೀರ್ಪಿನ ತಪ್ಪು ತಿದ್ದುವ ಕೆಲಸಕ್ಕಾದರೆ ನಾಲ್ಕು ಅಂಕವನ್ನೂ ಕೊಡಬಹುದು. ಆದರೆ ತೀರ್ಪು ಬರುವ ಮೊದಲೇ ಅಧಿಕಾರಿಯ ಹುದ್ದೆ, ಬಡ್ತಿ, ಹೆಸರು ಹಾಳಾಗುವುದನ್ನು ತಡೆಯುವುದರಲ್ಲಿ ಎರಡಕ್ಕಿಂತ ಹೆಚ್ಚು ಕೊಡಲಾಗದು. ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್ ದರ್ಜೆಯವರ ಮೇಲೆ ದುರ್ನಡತೆಯ ಆರೋಪ ಬಂದಾಗ 'ಸಾಬೀತಾಗುವ ತನಕ ನಿರ್ದೋಷಿ' ಎಂಬ ತತ್ವ ಎಲ್ಲೆಲ್ಲಿ ಕೈಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎಂಬ ಒಂದೇ ಅಳತೆಗೋಲಿನಿಂದ ಇಲ್ಲಿ ಈ ನ್ಯಾಯಮಂಡಳಿಯನ್ನು ನೋಡಿದ್ದೇವೆ. ಅಂಗವೈಕಲ್ಯ ಪಿಂಚಣಿಯಂಥ ವ್ಯಾಜ್ಯಗಳನ್ನು ಬೇರೆಯಾಗಿಯೇ ತೂಗಬೇಕು.

2007ರ ಕಾಯ್ದೆಯ ಮೇಲೆ ನಿಂತ ಈ ಸಂಸ್ಥೆ 2009ರ ಆಗಸ್ಟ್ 8ರಂದು ಉದ್ಘಾಟನೆಯಾಯಿತು. ಪ್ರಧಾನ ಪೀಠ ದೆಹಲಿಯ ಆರ್.ಕೆ. ಪುರಂನಲ್ಲಿದೆ. ಚಂಡೀಗಢ, ಲಖನೌ, ಕೋಲ್ಕತ್ತ, ಗುವಾಹಟಿ, ಚೆನ್ನೈ, ಕೊಚ್ಚಿ, ಮುಂಬೈ, ಜೈಪುರ ಮೊದಲಾದೆಡೆ ಪ್ರಾದೇಶಿಕ ಪೀಠಗಳಿವೆ. ಬೆಂಗಳೂರಿಗೆ ಸ್ವಂತ ಪೀಠವಿಲ್ಲ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ. ಕೊಡಗು, ಬೆಳಗಾವಿಯಂಥ ಸೈನಿಕರ ಜಿಲ್ಲೆಗಳಿರುವ, ವಾಯುಪಡೆಯ ತರಬೇತಿ ಕಮಾಂಡ್ ಇರುವ ರಾಜ್ಯಕ್ಕೆ ಇದು ಕೊರತೆಯೇ.

ಪ್ರತಿ ಪೀಠದಲ್ಲಿ ಒಬ್ಬ ನ್ಯಾಯಾಂಗ ಸದಸ್ಯ, ಒಬ್ಬ ಆಡಳಿತ ಸದಸ್ಯ. ಆಡಳಿತ ಸದಸ್ಯರು ಸಾಮಾನ್ಯವಾಗಿ ಮೇಜರ್ ಜನರಲ್ ಅಥವಾ ಅದಕ್ಕೆ ಸಮನಾದ, ಅದಕ್ಕೂ ಮೇಲಿನ ದರ್ಜೆಯಲ್ಲಿದ್ದು ನಿವೃತ್ತರಾದವರು. ಹಿರಿಯ ಅಧಿಕಾರಿಯ ಪ್ರಕರಣದಲ್ಲಿ ಈ ಜೋಡಣೆಗೆ ದೊಡ್ಡ ಬೆಲೆ ಇದೆ. ಕೋರ್ ಕಮಾಂಡರ್ ಒಂದು ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕುವ ಮುನ್ನ ಕಡತ ಯಾವ ಯಾವ ಸ್ಟಾಫ್ ಅಧಿಕಾರಿಯ ಕೈದಾಟಿ ಬಂದಿರುತ್ತದೆ, ಯಾವ ಸಂಗತಿಯನ್ನು ಮೇಲಿನ ಕಮಾಂಡ್‌ಗೆ ತಿಳಿಸಬೇಕು, ಯಾವುದನ್ನು ತಾನೇ ತೀರ್ಮಾನಿಸಬಹುದು ಎಂಬುದನ್ನು ಆ ಕುರ್ಚಿಯಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯಮಂಡಳಿಗೆ ಎರಡು ಬಾಗಿಲುಗಳಿವೆ. ಕಾಯ್ದೆಯ 14ನೇ ಸೆಕ್ಷನ್ ಸೇವಾ ವಿಷಯಗಳಿಗೆ: ಬಡ್ತಿ, ಸೇವೆಯಿಂದ ತೆಗೆದುಹಾಕುವುದು, ಪಿಂಚಣಿ, ಛೀಮಾರಿ ಇತ್ಯಾದಿ. 15ನೇ ಸೆಕ್ಷನ್ ಕೋರ್ಟ್ ಮಾರ್ಷಲ್ ತೀರ್ಪಿನ ವಿರುದ್ಧದ ಮೇಲ್ಮನವಿಗೆ. ವರ್ಗಾವಣೆ ಮತ್ತು ನಿಯೋಜನೆಯ ಆದೇಶಗಳನ್ನು 'ಸೇವಾ ವಿಷಯ' ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ಆರೋಪ ಬಂದ ಜನರಲ್‌ಗೆ ಮೊದಲ ಪೆಟ್ಟು ಬೀಳುವುದು ಅಲ್ಲಿಯೇ. ಕಮಾಂಡ್‌ನಿಂದ ಇಳಿಸಿ ಬೇರೆ ಯಾವುದೋ ಕೇಂದ್ರಕ್ಕೆ ಅಟ್ಯಾಚ್ ಮಾಡುತ್ತಾರೆ. ಹೆಸರಿಗೆ ಅದು ಶಿಕ್ಷೆಯಲ್ಲ, ಆದರೆ ಸೈನ್ಯದಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ಮಂಡಳಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಗೆಲುವು ಸೋಲು ಅರ್ಧ ತೀರ್ಮಾನವಾಗಿಯೇ ಇರುತ್ತದೆ. ತೀರ್ಮಾನವಾಗುವ ಜಾಗ ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯೊಳಗಿನ ಪ್ರಾಥಮಿಕ ವಿಚಾರಣೆ. 1954ರ ಸೇನಾ ನಿಯಮಗಳ 180ನೇ ನಿಯಮವನ್ನು ಪ್ರತಿ ಅಧಿಕಾರಿಯೂ ಬಾಯಿಪಾಠ ಮಾಡಿಕೊಂಡಿರಬೇಕು. ವಿಚಾರಣೆಯಿಂದ ಯಾರ ಚಾರಿತ್ರ್ಯಕ್ಕೆ ಅಥವಾ ಸೈನಿಕ ಪ್ರತಿಷ್ಠೆಗೆ ಧಕ್ಕೆ ಬರಬಹುದೋ ಅವರಿಗೆ ಉದ್ದಕ್ಕೂ ಹಾಜರಿರಲು, ಹೇಳಿಕೆ ಕೊಡಲು, ಸಾಕ್ಷಿಗಳನ್ನು ಪಾಟೀ ಸವಾಲಿಗೆ ಒಳಪಡಿಸಲು, ತಮ್ಮ ಪರ ಸಾಕ್ಷಿಗಳನ್ನು ಕರೆಸಲು ಪೂರ್ತಿ ಅವಕಾಶ ಕೊಡಬೇಕು. 'ಉದ್ದಕ್ಕೂ' ಎಂದರೆ ಮೊದಲ ಸಾಕ್ಷಿಯಿಂದ. ಎಡವುವುದು ಇಲ್ಲಿಯೇ. ಅಧಿಕಾರಿಯನ್ನು ಮೊದಲು ಸಾಕ್ಷಿಯಾಗಿ ಕರೆಯುತ್ತಾರೆ; ಹತ್ತಾರು ಜನರ ಹೇಳಿಕೆ ಅವರ ಬೆನ್ನ ಹಿಂದೆ ದಾಖಲಾಗುತ್ತದೆ; ಕೊನೆಗೆ 180 ಅನ್ವಯಿಸಿ, ಹಳೆಯ ಹೇಳಿಕೆಗಳ ಕಟ್ಟನ್ನು ಮುಂದಿಟ್ಟು 'ಓದಿಕೊಂಡು ಪ್ರಶ್ನೆ ಇದ್ದರೆ ಕೇಳಿ' ಎನ್ನುತ್ತಾರೆ. ಆ ಕ್ಷಣದಲ್ಲೇ ಲಿಖಿತವಾಗಿ ಆಕ್ಷೇಪ ಸಲ್ಲಿಸಿ, ಸಾಕ್ಷಿಗಳನ್ನು ಮತ್ತೆ ಕರೆಸಬೇಕೆಂದು ಕೇಳಿ, ಆ ಬೇಡಿಕೆಯೂ ಅದಕ್ಕೆ ಬಂದ ಉತ್ತರವೂ ನಡಾವಳಿಯಲ್ಲಿ ಸೇರುವಂತೆ ನೋಡಿಕೊಳ್ಳಬೇಕು. ಸುಮ್ಮನಿದ್ದು ವರ್ಷಗಳ ನಂತರ ಮಂಡಳಿಯ ಮುಂದೆ ಎತ್ತಿದರೆ 'ಆಗೇಕೆ ಹೇಳಲಿಲ್ಲ' ಎಂಬ ಪ್ರಶ್ನೆ ಮೊದಲು ಬರುತ್ತದೆ.

ಇನ್ನೊಂದು ರಕ್ಷಣೆ 182ನೇ ನಿಯಮದಲ್ಲಿದೆ. ಕೋರ್ಟ್ ಆಫ್ ಎನ್‌ಕ್ವೈರಿಯ ನಡಾವಳಿ, ಅಲ್ಲಿ ಕೊಟ್ಟ ತಪ್ಪೊಪ್ಪಿಗೆ, ಯಾವುದೂ ಕೋರ್ಟ್ ಮಾರ್ಷಲ್‌ನಲ್ಲಿ ಸಾಮಾನ್ಯವಾಗಿ ಪುರಾವೆಯಾಗುವುದಿಲ್ಲ. ಅದು ಸತ್ಯಶೋಧನೆಯಷ್ಟೇ. ಪತ್ರಿಕೆಗಳಲ್ಲಿ 'ತನಿಖೆಯಲ್ಲಿ ಜನರಲ್ ತಪ್ಪಿತಸ್ಥ' ಎಂಬ ತಲೆಬರಹ ಬಂದಾಗಲೆಲ್ಲ ಓದುಗರು ಇದನ್ನು ನೆನಪಿಡಬೇಕು. ಆ ಹಂತದಲ್ಲಿ ಯಾರೂ ತಪ್ಪಿತಸ್ಥರಲ್ಲ, ಆರೋಪಪಟ್ಟಿಯೇ ಇನ್ನೂ ಹುಟ್ಟಿರುವುದಿಲ್ಲ.

ಮುಂದಿನದು 22ನೇ ನಿಯಮದಡಿ ಆರೋಪದ ಆಲಿಕೆ. ಕಮಾಂಡಿಂಗ್ ಅಧಿಕಾರಿಯ ಎದುರು ಸಾಕ್ಷಿಗಳನ್ನು ಪ್ರಶ್ನಿಸಬಹುದು. ಹುರುಳಿಲ್ಲವೆಂದು ಕಂಡರೆ ಅವರು ಆರೋಪವನ್ನು ಅಲ್ಲೇ ವಜಾ ಮಾಡಬೇಕು. ಕೋರ್ಟ್ ಆಫ್ ಎನ್‌ಕ್ವೈರಿಯಲ್ಲಿ 180 ಪೂರ್ತಿ ಪಾಲನೆಯಾಗಿದ್ದರೆ ಈ ಹೆಜ್ಜೆಯ ವಿವರವನ್ನು ಕೈಬಿಡಲು ನಿಯಮದಲ್ಲೇ ಅವಕಾಶವಿದೆ. ಹಾಗಾಗಿ 180ರ ಲೋಪ ಇಲ್ಲಿಗೂ ಹಿಂಬಾಲಿಸಿ ಬರುತ್ತದೆ. ನಂತರ 23ನೇ ನಿಯಮದ ಸಮ್ಮರಿ ಆಫ್ ಎವಿಡೆನ್ಸ್, ಅಂದರೆ ಸಾಕ್ಷ್ಯವನ್ನು ಬರವಣಿಗೆಯಲ್ಲಿ ದಾಖಲಿಸುವ ಹಂತ. ಇಲ್ಲಿ ಹೇಳಿಕೆ ಕೊಡಲೇಬೇಕೆಂದಿಲ್ಲ, ಕೊಟ್ಟರೆ ಅದನ್ನು ಬಳಸಬಹುದು ಎಂಬ ಎಚ್ಚರಿಕೆಯನ್ನು ಓದಿ ಹೇಳಿಯೇ ಕೇಳಬೇಕು. ಎಷ್ಟೋ ಹಿರಿಯರು ಇಲ್ಲಿ ಉದ್ದುದ್ದ ವಿವರಣೆ ಬರೆಸಿ, ಪ್ರಾಸಿಕ್ಯೂಷನ್‌ಗೆ ತಾವೇ ಎಳೆ ಕೊಟ್ಟುಬಿಡುತ್ತಾರೆ. ದರ್ಜೆ ಏರಿದಷ್ಟೂ ತನ್ನ ಮಾತಿಗೆ ತೂಕವಿದೆ ಎಂಬ ನಂಬಿಕೆಯೂ ಏರುತ್ತದೆ. ವಕೀಲರ ಜೊತೆ ಕೂತು ಯೋಚಿಸದೆ ಈ ಹಂತದಲ್ಲಿ ಒಂದು ವಾಕ್ಯವನ್ನೂ ಬರೆಸಬಾರದು.

ಜನರಲ್ ಕೋರ್ಟ್ ಮಾರ್ಷಲ್‌ಗೆ ಕನಿಷ್ಠ 5 ಅಧಿಕಾರಿಗಳು ಬೇಕು. 40ನೇ ನಿಯಮದ ಪ್ರಕಾರ ಅವರ ದರ್ಜೆ ಆರೋಪಿಯ ದರ್ಜೆಗಿಂತ ಕಡಿಮೆಯಿರಬಾರದು. ಅಂಥವರು ಸಿಗದಿದ್ದರೆ ಕಾರಣವನ್ನು ಸಭೆ ಕರೆಯುವ ಆದೇಶದಲ್ಲೇ ದಾಖಲಿಸಬೇಕು. ಕ್ಯಾಪ್ಟನ್ ವಿಚಾರಣೆಯಲ್ಲಿ ಈ ನಿಯಮ ತಲೆನೋವಲ್ಲ. ಲೆಫ್ಟಿನೆಂಟ್ ಜನರಲ್ ವಿಚಾರಣೆಯಲ್ಲಿ ದೊಡ್ಡ ಸಮಸ್ಯೆ. ಆ ದರ್ಜೆಯವರ ಸಂಖ್ಯೆಯೇ ಚಿಕ್ಕದು, ಬಹುಪಾಲು ಒಬ್ಬರಿಗೊಬ್ಬರು ಗೊತ್ತು, ಒಂದೇ ಬ್ಯಾಚಿನವರು, ಬಡ್ತಿಯಲ್ಲಿ ಪೈಪೋಟಿಗೆ ನಿಂತವರು. 1950ರ ಸೇನಾ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಪ್ರತಿ ಸದಸ್ಯರ ಬಗ್ಗೆಯೂ ಆಕ್ಷೇಪ ಇದೆಯೇ ಎಂದು ಆರೋಪಿಯನ್ನು ಕೇಳಲೇಬೇಕು. ಈ ಹಕ್ಕನ್ನು ಸೌಜನ್ಯಕ್ಕೆ ಬಿಟ್ಟುಕೊಡುವವರಿದ್ದಾರೆ, ಬಿಡಬಾರದು. ಜಡ್ಜ್ ಅಡ್ವೊಕೇಟ್ (ಕೋರ್ಟ್ ಮಾರ್ಷಲ್‌ಗೆ ಕಾನೂನು ಸಲಹೆ ಕೊಡುವ ಅಧಿಕಾರಿ) ಕೂಡ ಆರೋಪಿಗಿಂತ ಕೆಳದರ್ಜೆಯವರಾಗಿರಬಾರದು ಎಂದು ಚರಣಜಿತ್ ಸಿಂಗ್ ಗಿಲ್ ಪ್ರಕರಣದಲ್ಲಿ 2000ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭೂಸೇನೆಯ ಕಾನೂನು ಶಾಖೆಯ ಮುಖ್ಯಸ್ಥರೇ ಮೇಜರ್ ಜನರಲ್ ಆಗಿರುವಾಗ ಅದಕ್ಕೂ ಮೇಲಿನವರ ವಿಚಾರಣೆಯಲ್ಲಿ, ಸಮಾನ ದರ್ಜೆಯವರು ಸಿಗದ ಕಾರಣದ ದಾಖಲೆ ಎಷ್ಟು ಸರಿಯಾಗಿದೆ ಎಂಬುದನ್ನು ಮೊದಲ ದಿನವೇ ಪರಿಶೀಲಿಸಬೇಕು.

ಆರೋಪಪಟ್ಟಿ ತಿಳಿಸಿದ ಮೇಲೆ ವಿಚಾರಣೆ ಆರಂಭಕ್ಕೆ ಕನಿಷ್ಠ 96 ಗಂಟೆ ಅಂತರ ಬೇಕು, ಸಕ್ರಿಯ ಸೇವೆಯಲ್ಲಿದ್ದರೆ 24 ಗಂಟೆ. ಒಳಗೆ ಹೋದ ಮೇಲೆ ನಿರ್ದೋಷಿತ್ವದ ತತ್ವ ನಿಜಕ್ಕೂ ಗಟ್ಟಿಯಾಗಿದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಕೋರ್ಟ್ ಮಾರ್ಷಲ್‌ಗೂ ಅನ್ವಯಿಸುತ್ತದೆ, ಸಾಬೀತುಪಡಿಸುವ ಹೊರೆ ಪ್ರಾಸಿಕ್ಯೂಷನ್ ಮೇಲೆ, ಸಂಶಯಕ್ಕೆ ಎಡೆಯಿದ್ದರೆ ಲಾಭ ಆರೋಪಿಗೆ, ಮತಗಳು ಸಮವಾದರೆ ತೀರ್ಮಾನ ಆರೋಪಿಯ ಪರ. 62ನೇ ನಿಯಮದಂತೆ ತೀರ್ಮಾನಕ್ಕೆ ಸಂಕ್ಷಿಪ್ತ ಕಾರಣಗಳನ್ನೂ ಬರೆಯಬೇಕು. ಮೇಲ್ಮನವಿಯಲ್ಲಿ ಮಂಡಳಿ ಮೊದಲು ಹಿಡಿಯುವ ಎಳೆ ಆ ಕಾರಣಗಳೇ.

ಆದರೆ ಒಂದು ಅಂಶ ನಮಗೆ ಒಪ್ಪಿಗೆಯಿಲ್ಲ. ಸೇನಾ ಕಾಯ್ದೆಯ 153ನೇ ಸೆಕ್ಷನ್ ಪ್ರಕಾರ ಸ್ಥಿರೀಕರಣ (ಮೇಲಧಿಕಾರಿಯ ಅನುಮೋದನೆ) ಆಗುವ ತನಕ ಕೋರ್ಟ್ ಮಾರ್ಷಲ್‌ನ ಯಾವ ತೀರ್ಮಾನಕ್ಕೂ ಬಲವಿಲ್ಲ, ಖುಲಾಸೆಗೂ ಇಲ್ಲ. 160ನೇ ಸೆಕ್ಷನ್ ಅಡಿ ಮೇಲಧಿಕಾರಿ ಒಮ್ಮೆ ಅದನ್ನು ಪುನರ್‌ಪರಿಶೀಲನೆಗೆ ವಾಪಸು ಕಳಿಸಬಹುದು. ಅದೇ ಸದಸ್ಯರು, 'ಮತ್ತೆ ಯೋಚಿಸಿ' ಎಂಬ ಸೂಚನೆ. ಸಾಕ್ಷಿ ಕೇಳಿದವರು ನಿರ್ದೋಷಿ ಎಂದ ಮೇಲೂ ಸಾಕ್ಷಿ ಕೇಳದವರ ಒಪ್ಪಿಗೆಗೆ ಕಾಯಬೇಕಾದ ಈ ಏರ್ಪಾಡು 1950ರ ಕಾಯ್ದೆಯಿಂದ ಹೋಗಲೇಬೇಕು.

ಇನ್ನು ಮಂಡಳಿಯ ಕೆಲಸದ ಗುಣಮಟ್ಟ. ಲೆಫ್ಟಿನೆಂಟ್ ಜನರಲ್ ಪಿ.ಕೆ. ರಥ್ ಅವರ ಪ್ರಕರಣ ನೋಡಿ. ಪಶ್ಚಿಮ ಬಂಗಾಳದ ಸುಕ್ನಾದಲ್ಲಿರುವ 33 ಕೋರ್‌ನ ಕಮಾಂಡರ್ ಆಗಿದ್ದ ಅವರ ಮೇಲೆ, ಸೇನಾ ನೆಲೆಗೆ ತಾಗಿದ್ದ ಸುಮಾರು 70 ಎಕರೆ ಜಮೀನಿನಲ್ಲಿ ಖಾಸಗಿ ವ್ಯಕ್ತಿ ಶಿಕ್ಷಣ ಸಂಸ್ಥೆ ಕಟ್ಟಲು ನಿರಾಕ್ಷೇಪಣಾ ಪತ್ರ ಕೊಟ್ಟ ವಿಚಾರದಲ್ಲಿ ಆರೋಪ ಬಂತು. ಸೇನೆಯ ಉಪ ಮುಖ್ಯಸ್ಥರ ಹುದ್ದೆಗೆ ಆಗಿದ್ದ ನೇಮಕ ರದ್ದಾಯಿತು. 2011ರ ಜನವರಿಯಲ್ಲಿ ಶಿಲ್ಲಾಂಗ್‌ನ ಕೋರ್ಟ್ ಮಾರ್ಷಲ್ ಕೆಲವು ಆರೋಪಗಳಲ್ಲಿ ತಪ್ಪಿತಸ್ಥರೆಂದಿತು. 2014ರ ಸೆಪ್ಟೆಂಬರ್‌ನಲ್ಲಿ ಮಂಡಳಿಯ ಪ್ರಧಾನ ಪೀಠ ಅದನ್ನು ತಳ್ಳಿಹಾಕಿ ಅವರನ್ನು ಎಲ್ಲ ಆರೋಪಗಳಿಂದ ಮುಕ್ತಗೊಳಿಸಿತು, ಅನುಭವಿಸಿದ ಕಿರುಕುಳಕ್ಕೆ 1 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಕೋರ್ಟ್ ಮಾರ್ಷಲ್ ಮಾಡಿದ ಸಾಕ್ಷ್ಯದ ತೂಕವನ್ನು ಮತ್ತೆ ತಾನೇ ಮಾಡಿ ನೋಡುವ ಧೈರ್ಯ ಈ ಮಂಡಳಿಗಿದೆ. 2009ಕ್ಕಿಂತ ಮೊದಲು ಹೈಕೋರ್ಟ್‌ನ ರಿಟ್ ಒಂದೇ ದಾರಿಯಾಗಿತ್ತು, ಅಲ್ಲಿ ಕಾರ್ಯವಿಧಾನದ ದೋಷ ಬಿಟ್ಟು ಸಾಕ್ಷ್ಯದ ಒಳಕ್ಕೆ ಇಳಿಯುವುದು ಅಪರೂಪ.

ಕೊಟ್ಟ ಅಂಕಗಳೆಲ್ಲ ಅದಕ್ಕೇ. ಕಳೆದದ್ದು ಕಾಲಕ್ಕೆ. ಖುಲಾಸೆ ಬರುವ ಹೊತ್ತಿಗೆ ರಥ್ ಅವರಿಗೆ ತಪ್ಪಿದ ಹುದ್ದೆಯ ಅವಧಿಯೇ ಮುಗಿದುಹೋಗಿತ್ತು. ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ ನಿವೃತ್ತಿ. 57ನೇ ವಯಸ್ಸಿನಲ್ಲಿ ಆರೋಪ ಬಂದರೆ ವಿಚಾರಣೆ, ಸ್ಥಿರೀಕರಣ, ತೀರ್ಪಿನ ವಿರುದ್ಧ ಸೇನಾ ಕಾಯ್ದೆಯ 164ನೇ ಸೆಕ್ಷನ್ ಅರ್ಜಿ, ಮೇಲ್ಮನವಿ ಎಲ್ಲ ಮುಗಿಯುವಷ್ಟರಲ್ಲಿ ಸಮವಸ್ತ್ರ ಕಳಚಿ ವರ್ಷಗಳಾಗಿರುತ್ತವೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಿವೃತ್ತಿಯಾದರೆ ಬಿಡುಗಡೆ ಎಂದುಕೊಳ್ಳುವಂತೆಯೂ ಇಲ್ಲ. ಸೇನಾ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಸೇವೆ ಬಿಟ್ಟ 3 ವರ್ಷದೊಳಗೆ ವಿಚಾರಣೆ ಶುರುವಾದರೆ ಸಾಕು. 122ನೇ ಸೆಕ್ಷನ್ ಇನ್ನೊಂದು 3 ವರ್ಷದ ಮಿತಿ ಹಾಕುತ್ತದೆ: ಕೃತ್ಯ ನಡೆದ ದಿನದಿಂದ, ಅಥವಾ ಬಾಧಿತರಿಗೋ ಕ್ರಮ ಕೈಗೊಳ್ಳಬಲ್ಲ ಅಧಿಕಾರಿಗೋ ಅದು ಗೊತ್ತಾದ ದಿನದಿಂದ. ಹಿರಿಯರ ಎಷ್ಟೋ ವ್ಯಾಜ್ಯಗಳು ಈ 'ಗೊತ್ತಾದ ದಿನ' ಯಾವುದು ಎಂಬುದರ ಮೇಲೆಯೇ ನಿಲ್ಲುತ್ತವೆ. ವರದಿ ಯಾವ ತಾರೀಖಿಗೆ ಯಾರ ಮೇಜಿಗೆ ಬಂತು ಎಂಬ ದಾಖಲೆ ಕೇಳಿ ಪಡೆದುಕೊಳ್ಳುವುದು ಆರೋಪಿಯ ಕೆಲಸ.

ತತ್ವ ತೀರಾ ತೆಳುವಾಗುವುದು ಆಡಳಿತಾತ್ಮಕ ದಾರಿಯಲ್ಲಿ. ಸೇನಾ ಕಾಯ್ದೆಯ 19ನೇ ಸೆಕ್ಷನ್ ಮತ್ತು 14ನೇ ನಿಯಮ ಸೇರಿದರೆ, ವಿಚಾರಣೆ ನಡೆಸುವುದು ಅಸಾಧ್ಯ ಅಥವಾ ಅನುಚಿತ ಎಂದು ತೀರ್ಮಾನಿಸಿ ಶೋಕಾಸ್ ನೋಟಿಸ್ ಮೇಲೆಯೇ ಅಧಿಕಾರಿಯನ್ನು ಮನೆಗೆ ಕಳಿಸಬಹುದು. ಅಲ್ಲಿ ಸಂಶಯಾತೀತ ಪುರಾವೆಯ ಮಾತಿಲ್ಲ, ಪಾಟೀ ಸವಾಲಿಲ್ಲ. ಅದಕ್ಕೂ ಮೇಲೆ, ರಾಷ್ಟ್ರಪತಿಗಳ ಇಚ್ಛೆ ಇರುವ ತನಕ ಮಾತ್ರ ಸೇವೆ ಎನ್ನುವ ಸಂವಿಧಾನದ 310ನೇ ವಿಧಿ. ನಾಗರಿಕ ನೌಕರರಿಗಿರುವ 311ನೇ ವಿಧಿಯ ರಕ್ಷಣೆ ಸೈನಿಕರಿಗಿಲ್ಲ. 1998ರ ಡಿಸೆಂಬರ್ 30ರಂದು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ವಜಾ ಮಾಡಿದ್ದು ಯಾವ ಕೋರ್ಟ್ ಮಾರ್ಷಲ್‌ನ ತೀರ್ಪಿನಿಂದಲೂ ಅಲ್ಲ. ಸರ್ಕಾರಕ್ಕೆ ಮುಖ್ಯಸ್ಥರ ಮೇಲೆ ವಿಶ್ವಾಸ ಉಳಿಯದಿದ್ದರೆ ಬದಲಿಸುವ ಅಧಿಕಾರ ಇರಬೇಕು, ಅದು ಪ್ರಜಾಪ್ರಭುತ್ವದ ಅಗತ್ಯ. ಆದರೆ ವಿಶ್ವಾಸ ಕಳೆದುಕೊಂಡದ್ದು ಬೇರೆ, ಅಪರಾಧ ಸಾಬೀತಾದದ್ದು ಬೇರೆ. ಎರಡನ್ನೂ ಒಂದೇ ಆದೇಶದಲ್ಲಿ ಬೆರೆಸಿದಾಗ ಅನ್ಯಾಯ ಶುರುವಾಗುತ್ತದೆ.

ಡಿವಿ ಬ್ಯಾನ್ ಎಂದು ಕರೆಯುವ ಶಿಸ್ತು ಮತ್ತು ಜಾಗೃತಿ ನಿರ್ಬಂಧದ ಸ್ವಭಾವವೂ ಹಾಗೆಯೇ. ಅದು ಬಿದ್ದ ಕೂಡಲೇ ಬಡ್ತಿ ನಿಲ್ಲುತ್ತದೆ. 2012ರ ಮೇನಲ್ಲಿ, ಜೋರ್ಹಾಟ್‌ನಲ್ಲಿ ನಡೆದ ಒಂದು ಗುಪ್ತಚರ ಕಾರ್ಯಾಚರಣೆಯ ಸಂಬಂಧ ಆಗಿನ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರು ಲೆಫ್ಟಿನೆಂಟ್ ಜನರಲ್ ದಲ್ಬೀರ್ ಸಿಂಗ್ ಸುಹಾಗ್ ಮೇಲೆ ಇದನ್ನು ಹೇರಿದರು. ಮರುತಿಂಗಳೇ ಹೊಸ ಮುಖ್ಯಸ್ಥ ಜನರಲ್ ಬಿಕ್ರಂ ಸಿಂಗ್ ತೆಗೆದುಹಾಕಿದರು. ಸುಹಾಗ್ 2014ರ ಜುಲೈ 31ರಂದು ತಾವೇ ಸೇನಾ ಮುಖ್ಯಸ್ಥರಾದರು. ಆ ನಿರ್ಬಂಧಕ್ಕೆ ಕೊಟ್ಟ ಕಾರಣಗಳು ಕಾನೂನುಬಾಹಿರವೂ ಪೂರ್ವಯೋಜಿತವೂ ಆಗಿದ್ದವು ಎಂಬ ಅರ್ಥದ ಪ್ರಮಾಣಪತ್ರವನ್ನು ರಕ್ಷಣಾ ಸಚಿವಾಲಯವೇ ಸುಪ್ರೀಂ ಕೋರ್ಟ್‌ಗೆ ಸಲ್ಲಿಸಿತು. ಮುಖ್ಯಸ್ಥರು ಬದಲಾಗದಿದ್ದರೆ? ಒಬ್ಬ ವ್ಯಕ್ತಿಯ ಸಹಿಯಿಂದ ಬಿದ್ದು ಇನ್ನೊಬ್ಬರ ಸಹಿಯಿಂದ ಏಳುವುದು ನ್ಯಾಯದ ವ್ಯವಸ್ಥೆ ಅನ್ನಿಸಿಕೊಳ್ಳದು. ಈ ನಿರ್ಬಂಧದ ವಿರುದ್ಧ 2007ರ ಕಾಯ್ದೆಯ 14ನೇ ಸೆಕ್ಷನ್ ಅಡಿ ಮಧ್ಯಂತರ ತಡೆ ಕೇಳಬಹುದು. ಬಡ್ತಿ ಮಂಡಳಿ ಸೇರುವ ತಾರೀಖಿಗೆ ಮುಂಚೆ ಅರ್ಜಿ ಪಟ್ಟಿಯಾಗಬೇಕು, ನಂತರ ಬಂದ ತಡೆಯಿಂದ ಪ್ರಯೋಜನ ಕಡಿಮೆ.

ಅರ್ಜಿ ಹಾಕುವವರಿಗೆ ಕೆಲವು ಎಚ್ಚರಿಕೆಗಳು. ಇಲಾಖೆಯೊಳಗಿನ ಪರಿಹಾರಗಳನ್ನು ಮೊದಲು ಬಳಸಿರಬೇಕು. ಅಧಿಕಾರಿಗಳಿಗೆ ಅದು ಸೇನಾ ಕಾಯ್ದೆಯ 27ನೇ ಸೆಕ್ಷನ್‌ನ ಶಾಸನಬದ್ಧ ದೂರು. 6 ತಿಂಗಳಲ್ಲಿ ಉತ್ತರ ಬಾರದಿದ್ದರೆ ಪರಿಹಾರ ಮುಗಿದಂತೆ ಲೆಕ್ಕ, ಅಲ್ಲಿಂದ ಇನ್ನು 6 ತಿಂಗಳೊಳಗೆ ಮಂಡಳಿಗೆ ಬರಬೇಕು. ದೂರು ಕೊಟ್ಟ ಸ್ವೀಕೃತಿ ಇಲ್ಲದೆ ಬಂದವರ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ. ಮೇಲ್ಮನವಿ ಎಂದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದುಕೊಳ್ಳಬೇಡಿ. 15ನೇ ಸೆಕ್ಷನ್ ಮಂಡಳಿಗೆ ಶಿಕ್ಷೆ ಇಳಿಸುವ ಅಧಿಕಾರದ ಜೊತೆಗೆ, ಅರ್ಜಿದಾರರ ಅಹವಾಲು ಕೇಳಿ ಹೆಚ್ಚಿಸುವ ಅಧಿಕಾರವನ್ನೂ ಕೊಟ್ಟಿದೆ. ಜೈಲು ಶಿಕ್ಷೆಯಾಗಿದ್ದರೆ ಜಾಮೀನನ್ನು ಇಲ್ಲಿಯೇ ಕೇಳಬಹುದು.

ಗೆದ್ದ ಮೇಲೆ ಆದೇಶ ಜಾರಿಯಾಗುವುದೇ? ಇದು ಮಂಡಳಿಯ ದೊಡ್ಡ ಕುಂದು. 2007ರ ಕಾಯ್ದೆಯ 19ನೇ ಸೆಕ್ಷನ್ ಕೊಡುವುದು ಕಲಾಪಕ್ಕೆ ಅಡ್ಡಿಪಡಿಸುವ, ಅವಮಾನಿಸುವ ಕೃತ್ಯಗಳನ್ನು ಶಿಕ್ಷಿಸುವ ಅಧಿಕಾರ. ಆದೇಶ ಪಾಲಿಸದ ಇಲಾಖೆಯ ಮೇಲೆ ಹೈಕೋರ್ಟ್‌ನಂತೆ ಸಿವಿಲ್ ನಿಂದನೆ ಕ್ರಮ ಕೈಗೊಳ್ಳುವ ಸ್ಪಷ್ಟ ಅಧಿಕಾರವನ್ನು ಕಾಯ್ದೆ ಬರೆದಿಲ್ಲ. ಜಾರಿ ಅರ್ಜಿ ಹಾಕಿ ಕಾಯಬೇಕು. ಎದುರಾಳಿ ರಕ್ಷಣಾ ಸಚಿವಾಲಯ, ಮಂಡಳಿಯ ಆಡಳಿತ ನೋಡಿಕೊಳ್ಳುವುದೂ ಅದೇ ಸಚಿವಾಲಯ. ಕಾನೂನು ಸಚಿವಾಲಯಕ್ಕೆ ಇದನ್ನು ವರ್ಗಾಯಿಸಿದರೆ ನಾವು ಕೊಟ್ಟ ಅಂಕ ಆ ದಿನವೇ ಏರುತ್ತದೆ. ಸೋತರೆ ಮುಂದೇನು ಎಂಬುದರಲ್ಲಿ ಈಗ ಪರಿಸ್ಥಿತಿ ಉತ್ತಮ. ಮೇಜರ್ ಜನರಲ್ ಶ್ರೀಕಾಂತ್ ಶರ್ಮಾ ಪ್ರಕರಣದ 2015ರ ತೀರ್ಪು ಹೈಕೋರ್ಟ್ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತ್ತು. ಪರಶೋತಮ್ ದಾಸ್ ಪ್ರಕರಣದಲ್ಲಿ 2023ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ತೆರೆಯಿತು. ಸಂವಿಧಾನದ 226ನೇ ವಿಧಿಯ ರಿಟ್ ಇಂದು ಲಭ್ಯ.

ಹೋಲಿಕೆಗೆ ಕೆನಡಾ. ವೈಸ್ ಅಡ್ಮಿರಲ್ ಮಾರ್ಕ್ ನಾರ್ಮನ್ ಅವರನ್ನು 2017ರ ಜನವರಿಯಲ್ಲಿ ಹುದ್ದೆಯಿಂದ ದೂರ ಇಟ್ಟರು, 2019ರ ಮೇನಲ್ಲಿ ಮೊಕದ್ದಮೆ ಕೈಬಿಟ್ಟರು. ಮೇಜರ್ ಜನರಲ್ ಡ್ಯಾನಿ ಫೋರ್ಟಿನ್ 2021ರಲ್ಲಿ ಲಸಿಕೆ ವಿತರಣೆಯ ಹೊಣೆ ಕಳೆದುಕೊಂಡರು, 2022ರ ಡಿಸೆಂಬರ್‌ನಲ್ಲಿ ಲೈಂಗಿಕ ದೌರ್ಜನ್ಯದ ಆರೋಪದಿಂದ ಖುಲಾಸೆಯಾದರು. ಅದೇ ದೇಶದ ಮಾಜಿ ಮುಖ್ಯಸ್ಥ ಜೊನಾಥನ್ ವ್ಯಾನ್ಸ್ 2022ರಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ್ದನ್ನು ತಾವೇ ಒಪ್ಪಿಕೊಂಡರು. ಯಾವ ಕಡತ ಯಾವ ಕಡೆಗೆ ತಿರುಗುತ್ತದೆಂದು ಮೊದಲ ದಿನ ಹೇಳಲು ಬರುವುದಿಲ್ಲ. ನಮ್ಮ ಮಂಡಳಿಯಂತೆ ಸಾಕ್ಷ್ಯಕ್ಕೆ ಇಳಿಯಬಲ್ಲ, ಸೇವಾನುಭವವಿರುವ ಪೀಠ ಇರುವುದು ಕಡಿಮೆ ಅದೃಷ್ಟವಲ್ಲ.

ದೂರು ಕೊಟ್ಟವರ ಕಡೆಯಿಂದಲೂ ಇದನ್ನು ನೋಡಬೇಕು, ಅದರಲ್ಲೂ ಹಿರಿಯರ ವಿರುದ್ಧ ಮಾತಾಡುವ ಧೈರ್ಯ ಮಾಡಿದ ಕಿರಿಯ ಮಹಿಳಾ ಅಧಿಕಾರಿಗಳ ಕಡೆಯಿಂದ. ಆರೋಪಿಗೆ 180ರ ಹಕ್ಕನ್ನು ಪೂರ್ತಿ ಕೊಟ್ಟರೆ ದೂರುದಾರರಿಗೆ ಅನ್ಯಾಯವಾಗುತ್ತದೆ ಎಂಬ ಮಾತಿದೆ. ಆಗುವುದು ತಿರುವುಮುರುವು. ಆತುರದಲ್ಲಿ ಹೆಜ್ಜೆ ಹಾರಿಸಿ ಪಡೆದ ಶಿಕ್ಷೆ ಮಂಡಳಿಯಲ್ಲಿ ಬಿದ್ದುಹೋದಾಗ, ನಿಜವಾಗಿ ನೊಂದವರು ಇನ್ನೊಂದು ಸಲ ಮೊದಲಿನಿಂದ ಸಾಕ್ಷಿ ಹೇಳಬೇಕಾಗುತ್ತದೆ, ಅಥವಾ 3 ವರ್ಷದ ಮಿತಿ ದಾಟಿ ಅದೂ ಇಲ್ಲವಾಗುತ್ತದೆ. ದೂರುದಾರರು ಕೂಡ ತಮ್ಮ ಪ್ರಕರಣದಲ್ಲಿ 180 ಪಾಲನೆಯಾಗಿದೆಯೇ ಎಂದು ಕೇಳಬೇಕು.

ಈ ಸೇವೆ ಯಾರಿಗೆ ಒಗ್ಗುತ್ತದೆ? ಕೋರ್ಟ್ ಮಾರ್ಷಲ್ ಮುಗಿದು, ನಡಾವಳಿಯಲ್ಲಿ ತಮ್ಮ ಆಕ್ಷೇಪಗಳನ್ನು ದಾಖಲಿಸಿಟ್ಟವರಿಗೆ ನಿಸ್ಸಂಕೋಚವಾಗಿ. ಛೀಮಾರಿ, ಡಿವಿ ಬ್ಯಾನ್, 14ನೇ ನಿಯಮದ ವಜಾ ಎದುರಿಸುತ್ತಿರುವವರಿಗೆ, ಬೇಗ ಬಂದರೆ ಮಾತ್ರ. ಕಮಾಂಡ್‌ನಿಂದ ಎತ್ತಂಗಡಿಯೊಂದೇ ನೋವಾಗಿದ್ದರೆ ನೇರ ಹೈಕೋರ್ಟ್‌ನ ದಾರಿಯನ್ನು ವಕೀಲರ ಜೊತೆ ಚರ್ಚಿಸಿ. ಕೊಚ್ಚಿಗೋ ದೆಹಲಿಗೋ ಹೊರಡುವ ಮುನ್ನ ಕೈಯಲ್ಲಿರಬೇಕಾದ ಕಾಗದಗಳು: ಕೋರ್ಟ್ ಆಫ್ ಎನ್‌ಕ್ವೈರಿ ನಡಾವಳಿಯ ಪ್ರತಿ (184ನೇ ನಿಯಮದಡಿ ಬರೆದು ಕೇಳಿ), 180 ಅನ್ವಯಿಸಿದ ದಿನಾಂಕದ ಆದೇಶ, ನಿಮ್ಮ ಲಿಖಿತ ಆಕ್ಷೇಪಗಳು, ಸಮ್ಮರಿ ಆಫ್ ಎವಿಡೆನ್ಸ್, ಆರೋಪಪಟ್ಟಿ, ಕೋರ್ಟ್ ಕರೆದ ಆದೇಶ, ಸ್ಥಿರೀಕರಣದ ಆದೇಶ, ಶಾಸನಬದ್ಧ ದೂರು ಅಥವಾ 164ನೇ ಸೆಕ್ಷನ್ ಅರ್ಜಿ ಮತ್ತು ಅದರ ಸ್ವೀಕೃತಿ. 180ರ ಆದೇಶದ ದಿನಾಂಕವನ್ನು ಪ್ರತಿ ಸಾಕ್ಷಿಯ ಹೇಳಿಕೆಯ ದಿನಾಂಕದ ಪಕ್ಕದಲ್ಲಿಟ್ಟು ಒಂದು ಪುಟದ ಕಾಲಾನುಕ್ರಮ ಪಟ್ಟಿ ಮಾಡಿ, ಅರ್ಜಿಯ ಮೊದಲ ಅನುಬಂಧವಾಗಿ ಲಗತ್ತಿಸಿ.